ಮೊದಲು ನೀರು, ಆಮೇಲೆ ತಲೆ, ಕೊನೆಗೆ ಶಾಂಪೂ

ತಲೆ ತೊಳೆಯುವುದೂ ಒಂದು ಉದ್ಯೋಗವೇ ಎಂದು ಕೇಳುವವರು ನಮ್ಮ ಕಡೆ ಈಗಲೂ ಇದ್ದಾರೆ. ಕೇಳಲಿ ಬಿಡಿ, ಅವರ ಮನೆಯವರ ತಲೆಯನ್ನೂ ನಾನೇ ತೊಳೆದಿದ್ದೇನೆ. ಸೇಡಂನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನ ಪಾರ್ಲರ್ ಇತ್ತು. ಈಗ ಬಲಭುಜ ಮೇಲೆತ್ತಲು ಬರುವುದಿಲ್ಲ. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗಿಯರು ಫೋನ್ ಮಾಡುತ್ತಾರೆ. ಎಲ್ಲರ ಪ್ರಶ್ನೆಯೂ ಒಂದೇ. "ಮಾನಂದಕ್ಕಾ, ಯಾವ ಶಾಂಪೂ ಛಲೋ ಅದರಿ?"

ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡುವವರು ಶಾಂಪೂ ಮಾರುವವರು ಮಾತ್ರ. ನನಗೆ ಉತ್ತರ ಹೇಳಲು ಒಬ್ಬ ಹುಡುಗಿಯ ತಲೆಯ ಕಥೆ ಬೇಕು, ನನಗೆ ಕೆಲಸ ಕಲಿಸಿದವಳ ಬೈಗುಳ ಬೇಕು. ಅದಕ್ಕೇ ಬರೆಯಲು ಕುಳಿತೆ.

ಹುಡುಗಿಯ ಹೆಸರು ಭಾಗ್ಯಾ. ಚಿಂಚೋಳಿ ತಾಲ್ಲೂಕಿನ ಸುಲೇಪೇಟದ ಹತ್ತಿರದ ಹಳ್ಳಿಯವಳು. ನಾನು ಕೆಲಸ ಬಿಡುವ ಮುಂಚಿನ ಬೇಸಿಗೆಯಲ್ಲಿ ಅವಳ ಅವ್ವ ಕಾಶಮ್ಮ, ಅಜ್ಜಿ ಭೀಮವ್ವ ಅವಳನ್ನು ಕರೆದುಕೊಂಡು ಬಂದರು. ಹುಡುಗಿ ತಲೆಯ ಮೇಲಿನ ದುಪಟ್ಟಾ ತೆಗೆದಾಗ ನಾನು ಕೈಯಲ್ಲಿದ್ದ ಬಾಚಣಿಗೆ ಕೆಳಗಿಟ್ಟೆ. ಉದ್ದನೆಯ ಕೂದಲೆಲ್ಲ ನೆತ್ತಿಯ ಹಿಂದೆ ಹೆಪ್ಪುಗಟ್ಟಿ ಒಂದೇ ಗಂಟಾಗಿತ್ತು. ಬಾಚಣಿಗೆಯ ಮಾತು ಬಿಡಿ, ಬೆರಳೂ ಒಳಗೆ ಹೋಗುತ್ತಿರಲಿಲ್ಲ. ಅದು ಬರೀ ಗಂಟಲ್ಲ, ದೇವಿ ತನ್ನ ಗುರುತಾಗಿ ಕೊಟ್ಟ ಜಡೆ ಎಂದು ಅಜ್ಜಿ ನಂಬಿದ್ದಳು. ಹುಡುಗಿಗೋ ಕಲಬುರಗಿಯಲ್ಲಿ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ದೇವಿಯ ಜಡೆ ಹೊತ್ತವಳು ರಕ್ತ, ಹೆಣ ಮುಟ್ಟಬಾರದು, ಆದ್ದರಿಂದ ಕಳಿಸುವುದಿಲ್ಲ ಎಂದು ಅಜ್ಜಿಯ ಹಟ. ಡಾಕ್ಟರು ನೋಡಿ, ಚರ್ಮ ಚೆನ್ನಾಗಿದೆ, ಕತ್ತರಿಸಿಬಿಡಿ, ಮತ್ತೆ ಬೆಳೆಯುತ್ತದೆ ಎಂದಿದ್ದರು. ಸರಿಯಾದ ಮಾತೇ. ಆದರೆ ಭೀಮವ್ವ ಕೇಳಬೇಕಲ್ಲ.

"ಕೈಲೆ ಬಿಚ್ಚತಿದ್ರ ಬಿಚ್ಚು ನಮ್ಮವ್ವಾ," ಎಂದಳು ನನಗೆ. "ಬಿಚ್ಚಿತಂದ್ರ ಅದು ಜಡಿ ಅಲ್ಲ, ನಾನೂ ಒಪ್ಪತೀನಿ. ಕತ್ತರಿ ಮುಟ್ಟಿಸಿದಿ ಅಂದ್ರ ಮಾತ್ರ ಈಗಿಂದೀಗ ಎದ್ದು ಹೋಗ್ತೀವಿ. ಹುಡಿಗಿ ಮನ್ಯಾಗ ಇರ್ತಾಳ."

ಭಾಗ್ಯಾ ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಸೀಟು ಆ ಗಂಟಿನೊಳಗೆ ಸಿಕ್ಕಿಬಿದ್ದಿತ್ತು. ನಾನು ಆಗಲಿ ಎಂದೆ. ಆಗಲಿ ಎನ್ನುವ ಧೈರ್ಯ ನನಗೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳುತ್ತೇನೆ. ಅದು ಶಹಾಬಾದಿನಿಂದ ಬಂತು.

ಶಹಾಬಾದಿನಲ್ಲಿ ಝೀನತ್ ಆಪಾ ಎಂಬಾಕೆ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ನಡೆಸುತ್ತಿದ್ದಳು. ಒಂದು ಕನ್ನಡಿ, ಎರಡು ಕುರ್ಚಿ, ಕಾಲಿಗೆ ತಣ್ಣಗೆ ಹತ್ತುವ ಫರಸಿ ಕಲ್ಲಿನ ನೆಲ. ಹೊಲಿಗೆ ಕಲಿಯಲು ಹೊರಟಿದ್ದ ನನ್ನನ್ನು ನಮ್ಮ ಅತ್ತೆಯೇ ಅಲ್ಲಿಗೆ ಕರೆದೊಯ್ದರು. ಆ ಅತ್ತೆಗೆ ನಾನು ಇವತ್ತಿಗೂ ಋಣಿ. ಮೊದಲ ದಿನ ಯಾರದಾದರೂ ತಲೆ ಕೈಗೆ ಸಿಗುತ್ತದೆ ಎಂದುಕೊಂಡಿದ್ದೆ. ಆಪಾ ನನ್ನ ಮುಂದೆ ಎರಡು ತಂಬಿಗೆ ನೀರಿಟ್ಟಳು. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು. ಎರಡರಲ್ಲೂ ಸಾಬೂನು ಉಜ್ಜು ಎಂದಳು. ಮಳೆನೀರು ಕೂಡಲೇ ನೊರೆ ಕಟ್ಟಿತು. ಬೋರಿನ ನೀರಿನಲ್ಲಿ ಎಷ್ಟು ಉಜ್ಜಿದರೂ ನೊರೆ ಇಲ್ಲ, ಮೇಲೆ ಒಡೆದ ಹಾಲಿನಂಥ ಬಿಳಿ ಹಿಪ್ಪೆ ತೇಲಿತು.

"ನೋಡ್ದಿ? ನಮ್ಮ ಕಡಿ ನೆಲದಾಗ ಸುಣ್ಣದ ಕಲ್ಲು ಅದ, ನೀರ್ನಾಗೂ ಅದೇ ಕರಗ್ಯಾದ. ಸಾಬೂನ್ ಆ ಸುಣ್ಣದ ಕೂಡ ಶಾದಿ ಮಾಡ್ಕೋತದ, ತಲೀ ಕೂಡ ಅಲ್ಲ. ಆ ಹಿಪ್ಪಿ ಹೋಗಿ ಕೂದಲಿಗೆ ಅಂಟತದ. ಪಹಿಲೆ ನೀರ್ ನೋಡು, ಆಮ್ಯಾಲೆ ತಲಿ ನೋಡು."

ಆಪಾಳ ಎಲ್ಲ ಪಾಠಗಳೂ ಕೊನೆಗೆ ಶಾದಿಗೇ ಬಂದು ನಿಲ್ಲುತ್ತಿದ್ದವು. ತಾನು ಮಾತ್ರ ಶಾದಿಯ ಗೊಡವೆಗೆ ಹೋಗಿರಲಿಲ್ಲ. ಕೇಳಿದರೆ, ಊರಿನ ಮದುಮಕ್ಕಳ ತಲೆ ತೊಳೆಯುವುದರಲ್ಲೇ ಪುರಸೊತ್ತಿಲ್ಲ ಎನ್ನುತ್ತಿದ್ದಳು.

ಶಾಂಪೂ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಕೆ ತಾಟಿನಲ್ಲಿ ನೀರು ಹಾಕಿ ತೋರಿಸಿದಳು. ನೀರಿನ ಮೇಲೆ ಎಣ್ಣೆ ಬಿಟ್ಟಳು, ಅದು ದುಂಡಗೆ ತೇಲುತ್ತ ನಿಂತಿತು. ಅದಕ್ಕೆ ಶಾಂಪೂ ಬೆರೆಸಿ ಬೆರಳಾಡಿಸಿದಳು. ಎಣ್ಣೆ ಪುಡಿಪುಡಿಯಾಗಿ ನೀರಿನೊಳಗೆ ಸೇರಿಕೊಂಡಿತು. ಶಾಂಪೂವಿನ ಒಂದೊಂದು ಕಣಕ್ಕೂ ಎರಡು ತುದಿ ಇರುತ್ತವೆ. ಒಂದು ತುದಿಗೆ ಎಣ್ಣೆ ಇಷ್ಟ, ಇನ್ನೊಂದಕ್ಕೆ ನೀರು ಇಷ್ಟ. ಒಂದು ತುದಿ ತಲೆಯ ಜಿಡ್ಡನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ತುದಿ ನಾವು ಸುರಿಯುವ ನೀರಿನ ಕೈ ಹಿಡಿದು ಹೊರಡುತ್ತದೆ. ಜಿಡ್ಡಿನ ಜೊತೆ ಧೂಳೂ ಹೋಗುತ್ತದೆ. ಇಷ್ಟೇ ವಿದ್ಯೆ. ಸಾಬೂನಿನ ಕೆಲಸವೂ ಇದೇ. ಆದರೆ ನಮ್ಮ ಗಡಸು ನೀರಿನಲ್ಲಿ ಸಾಬೂನು ಹಿಪ್ಪೆಯಾಗುತ್ತದೆ, ಶಾಂಪೂ ಹಾಗೆ ಆಗುವುದಿಲ್ಲ. ನಮ್ಮ ಕಡೆಗೆ ಶಾಂಪೂ ಬಂದದ್ದನ್ನು ನಾನು ಷೋಕಿ ಎನ್ನದೆ ಉಪಕಾರ ಎನ್ನುವುದು ಇದೇ ಕಾರಣಕ್ಕೆ.

ಒಮ್ಮೆ ನೊರೆ ಹೆಚ್ಚು ಬರಲಿ ಎಂದು ನಾನು ಗಿರಾಕಿಯೊಬ್ಬರ ತಲೆಗೆ ಮತ್ತೆ ಮತ್ತೆ ಶಾಂಪೂ ಸುರಿಯುತ್ತಿದ್ದೆ. ಆಪಾ ಹಿಂದಿನಿಂದ ಬಂದು ಕೈ ಹಿಡಿದಳು. "ಬುರುಗು ಅಂದ್ರ ಬ್ಯಾಂಡ್ ಬಾಜಾ. ಶಾದಿ ಮಾಡಿಸೋದು ಅದಲ್ಲ, ಖಾಜಿ. ಬಂದ್ ಮಾಡು." ಗಿರಾಕಿ ಕಣ್ಣು ಮುಚ್ಚಿಕೊಂಡೇ ನಕ್ಕರು. ನೊರೆ ಕಡಿಮೆ ಬಂದರೆ ಶಾಂಪೂ ಕೆಟ್ಟದ್ದು ಎಂದು ನಾನು ಆಮೇಲೆ ಯಾರಿಗೂ ಹೇಳಲಿಲ್ಲ.

ಆಕೆಯ ಇನ್ನೊಂದು ಕಟ್ಟಳೆ ಇತ್ತು. ಶಾಂಪೂ ನೆತ್ತಿಯ ಚರ್ಮಕ್ಕೆ, ಕಂಡಿಷನರ್ ಕೂದಲಿನ ಉದ್ದಕ್ಕೆ. ಜಿಡ್ಡು ಹುಟ್ಟುವುದು ನೆತ್ತಿಯಲ್ಲಿ, ತುದಿಗಳಲ್ಲಲ್ಲ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಪ್ಪೆ ಹಾಕಿ ಬಟ್ಟೆ ಒಗೆದಂತೆ ತಿಕ್ಕಿದರೆ ಆಪಾ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ಒದ್ದೆ ಕೂದಲು ಉಬ್ಬಿರುತ್ತದೆ, ಅದರ ಮೈಮೇಲಿನ ಸಣ್ಣ ಪದರುಗಳು ಎದ್ದಿರುತ್ತವೆ, ಆಗ ತಿಕ್ಕಿದರೆ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಕಂಡಿಷನರ್ ಆ ಪದರುಗಳನ್ನು ಮಲಗಿಸಿ, ಮೇಲೆ ತೆಳ್ಳಗೆ ನುಣುಪು ಹಚ್ಚುತ್ತದೆ. ಹುಡುಗಿಯರೇ, ಈ ಮಾತನ್ನು ಇಲ್ಲಿ ನೆನಪಿಡಿ, ಮುಂದೆ ಬೇಕಾಗುತ್ತದೆ.

ಯಾವ ತಲೆಗೆ ಯಾವುದು ಎಂಬುದು ನನಗೆ ಒಮ್ಮೆ ಚಿತ್ತಾಪುರದಲ್ಲಿ ಸರಿಯಾಗಿಯೇ ತಿಳಿಯಿತು. ನಾನು ಒಬ್ಬಳೇ ಹೋಗಿ ಸಿಂಗರಿಸಿದ ಮೊದಲ ಮದುಮಗಳು ಅವಳು. ಅವಳದು ರೇಷ್ಮೆಯಂಥ ತೆಳುಕೂದಲು, ಬೇಗ ಜಿಡ್ಡಾಗುವ ತಲೆ. ಮದುವೆಯೆಂಬ ಉತ್ಸಾಹದಲ್ಲಿ ಒಣಕೂದಲಿಗೆಂದು ಮಾಡಿದ ಕೆನೆಯಂಥ ಶಾಂಪೂ ಹಾಕಿದೆ, ಮೇಲೆ ಕಂಡಿಷನರನ್ನೂ ಬುಡದಿಂದ ಹಚ್ಚಿದೆ. ಒಣಗಿದಾಗ ಕೂದಲು ತಲೆಗೆ ಮೆತ್ತಿಕೊಂಡಿತ್ತು. ಮುಡಿಸಿದ ದಂಡೆ ಜಾರಿ ಜಾರಿ ಹೆಗಲಿಗೆ ಬರುತ್ತಿತ್ತು. ಮದುಮಗಳ ಸೋದರತ್ತೆ ಸುತ್ತ ಒಂದು ಸಲ ನಡೆದು ನೋಡಿ, "ಏನವ್ವಾ ಇದು, ಎಮ್ಮಿ ನೆಕ್ಕಿದಂಗ ಆಗ್ಯಾದಲ್ಲ!" ಎಂದರು. ಹಂದರದ ಕೆಳಗೆ ಕುಳಿತಿದ್ದವರೆಲ್ಲ ನಕ್ಕರು, ಮದುಮಗಳೂ ನಕ್ಕಳು. ಅವಳು ನಕ್ಕದ್ದಕ್ಕೆ ನಾನು ಬದುಕಿದೆ. ತಿಳಿಯಾದ ಸಾದಾ ಶಾಂಪೂ ತರಿಸಿ ಮತ್ತೊಮ್ಮೆ ತೊಳೆದು, ತುದಿಗಷ್ಟೇ ಕಂಡಿಷನರ್ ಮುಟ್ಟಿಸಿದೆ. ಕೂದಲು ಹಗುರಾಗಿ ಎದ್ದು ನಿಂತು ದಂಡೆಯನ್ನು ಹಿಡಿಯಿತು. ಸೋದರತ್ತೆ ತಾವೇ ನನಗೆ ಹೋಳಿಗೆ ಬಡಿಸಿ, ತಮ್ಮ ಮಗಳ ಮದುವೆಗೂ ನಾನೇ ಬರಬೇಕೆಂದರು.

ವಾಡಿಯಿಂದ ಒಬ್ಬ ಶಾಲಾ ಶಿಕ್ಷಕಿ ರೈಲಿನಲ್ಲಿ ಬರುತ್ತಿದ್ದರು. ತಲೆಯಲ್ಲಿ ಹೊಟ್ಟು ಎಂದು ದಿನಾಲೂ ಹೊಟ್ಟಿನ ಶಾಂಪೂ ಹಾಕಿ, ಕುದಿಯುವಂಥ ನೀರು ಸುರಿದುಕೊಳ್ಳುತ್ತಿದ್ದರು. ಹೊಟ್ಟು ಇನ್ನೂ ಹೆಚ್ಚಾಯಿತು. ಬೆಳಕಿನಲ್ಲಿ ನೋಡಿದರೆ ಉದುರುತ್ತಿದ್ದದ್ದು ಸಣ್ಣ ಒಣ ಪುಡಿ, ನೆತ್ತಿ ಬಿಗಿದುಕೊಂಡಿತ್ತು. ನಿಜವಾದ ಹೊಟ್ಟು ಜಿಡ್ಡುಜಿಡ್ಡಾಗಿ ಹಳದಿ ಛಾಯೆಯಲ್ಲಿರುತ್ತದೆ, ತುರಿಸುತ್ತದೆ. ಅದಕ್ಕೆ ಔಷಧದ ಶಾಂಪೂ ಬೇಕು, ಹಚ್ಚಿದ ಕೂಡಲೇ ತೊಳೆಯದೆ ಸ್ವಲ್ಪ ಹೊತ್ತು ಬಿಡಬೇಕು. ಅಷ್ಟಕ್ಕೂ ಹೋಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಬೇಕು, ಪಾರ್ಲರಿಗಲ್ಲ. ಇವರಿಗೆ ಬೇಕಾಗಿದ್ದದ್ದು ಸೌಮ್ಯವಾದ ಶಾಂಪೂ, ಉಗುರುಬೆಚ್ಚಗಿನ ನೀರು, ವಾರದಲ್ಲಿ ಕೆಲವು ದಿನ ತಲೆಗೆ ರಜೆ. "ಶಾಲಿಗೆ ರಜಾ ಕೊಡ್ತಾರ, ತಲೀಗೂ ಕೊಡಬೇಕಾಗ್ತದ ಅಂತ ಗೊತ್ತಿದ್ದಿಲ್ಲ ನೋಡ್ರಿ," ಎಂದು ಅವರು ನಕ್ಕರು. ಮುಂದೆ ತಮ್ಮ ಶಾಲೆಯ ಶಿಕ್ಷಕಿಯರನ್ನೆಲ್ಲ ನನ್ನಲ್ಲಿಗೆ ಕಳಿಸಿದವರು ಅವರೇ.

ನನ್ನ ಅಜ್ಜಿ ಎರೆಮಣ್ಣು ನೆನೆಸಿ ತಲೆ ತೊಳೆಯುತ್ತಿದ್ದಳು, ನನ್ನ ಅವ್ವ ಸೀಗೆಪುಡಿ ಹಚ್ಚಿ. ನಾನು ಅಂಗಡಿ ತೆರೆಯುವ ಹೊತ್ತಿಗೆ ಸುಲೇಪೇಟದ ಕಿರಾಣಿ ಅಂಗಡಿಗಳಲ್ಲೂ ಶಾಂಪೂವಿನ ಸಣ್ಣ ಪೊಟ್ಟಣಗಳು ತೋರಣದ ಹಾಗೆ ತೂಗುತ್ತಿದ್ದವು. ಈಗಿನ ಹುಡುಗಿಯರು ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ, ಸಲ್ಫೇಟ್ ಇದೆಯಾ ಎಂದು ಕೇಳುತ್ತಾರೆ. ಓದಲಿ, ನನಗೆ ಸಂತೋಷವೇ. ಆದರೆ ಸಲ್ಫೇಟ್ ದೆವ್ವವಲ್ಲ. ಅದು ಜಿಡ್ಡನ್ನು ಜೋರಾಗಿ ತೆಗೆಯುತ್ತದೆ, ಅಷ್ಟೇ. ತೊಗರಿ ರಾಶಿ ಮಾಡಿ ಬಂದವಳ ತಲೆಗೆ, ಎಣ್ಣೆ ಸುರಿಯುವ ತಲೆಗೆ ಅದು ಒಳ್ಳೆಯದೇ. ಬಣ್ಣ ಹಾಕಿಸಿದ, ನೇರ ಮಾಡಿಸಿದ, ಒಣಗಿ ಸೀಳಿದ ಕೂದಲಿಗೆ ಅದು ಬೇಡ. ಗುಂಗುರು ಕೂದಲಿನವರು ಶಾಂಪೂ ಕಡಿಮೆ ಮಾಡಿ ಕಂಡಿಷನರ್ ಹೆಚ್ಚು ಮಾಡಬೇಕು. ಶಾಂಪೂ ಆರಿಸುವಾಗ ನೆತ್ತಿ ನೋಡಿ, ಕಂಡಿಷನರ್ ಆರಿಸುವಾಗ ತುದಿ ನೋಡಿ. ಬಾಟಲಿಯ ಮೇಲಿನ ಚೆಲುವೆಯನ್ನು ಮಾತ್ರ ನೋಡಬೇಡಿ, ಅವಳ ಮನೆಯಲ್ಲಿ ನಮ್ಮ ಬೋರಿನ ನೀರು ಬರುವುದಿಲ್ಲ.

ಇನ್ನು ಭಾಗ್ಯಾಳ ಗಂಟಿಗೆ ಬರುತ್ತೇನೆ. ಆವತ್ತು ನಾನು ಬೇರೆ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿ ಬಾಗಿಲು ಮುಂದೆ ಮಾಡಿದೆ. ಇದು ಹೇಗಾಯಿತು ಎಂದು ಕಾಶಮ್ಮನನ್ನು ಕೇಳಿದೆ.

"ಮೈತುಂಬ ದೇವಿ ಎದ್ದಿದ್ಳರಿ," ಎಂದಳು ಕಾಶಮ್ಮ. ಡಾಕ್ಟರು ಚಿಕನ್‌ಪಾಕ್ಸ್ ಎನ್ನುವುದಕ್ಕೆ ನಮ್ಮ ಕಡೆಯ ಮಾತು ಅದು. "ಜ್ವರ ಇಳೀಲೇ ಇಲ್ಲ. ದೇವಿ ಮೈಮ್ಯಾಲಿದ್ದಾಗ ಬಾಚಣಿಕಿ ಮುಟ್ಟಸಬಾರದು, ಎಣ್ಣಿ ಹಚ್ಚಬಾರದು. ಹಂಗೇ ಮಲಗಿದ್ಳು. ಕಡೀಕ ದೇವಿ ಇಳದ ಮ್ಯಾಲ ಅತ್ತಿಯವರು ಬೇವಿನ ನೀರು ಹಾಕಿ ತಲಿ ತಿಕ್ಕಿದ್ರು. ಆವತ್ತೇ ಹಿಂಗ ಆಯ್ತರಿ."

"ಏನು ಹಚ್ಚಿ ತಿಕ್ಕಿದ್ರಿ?"

"ಬಟ್ಟಿ ಸಬಕಾರ," ಎಂದಳು ಭೀಮವ್ವ. "ನನ್ನ ಕೈಲೇ ತಿಕ್ಕೀನಿ. ಎಷ್ಟು ತಿಕ್ಕಿದ್ರೂ ಬುರುಗು ಬರವಲ್ದಾಗಿತ್ತು. ಮತ್ತಷ್ಟು ಹಚ್ಚಿ ನೆತ್ತಿ ಮ್ಯಾಲ ಗುಡ್ಡಿ ಹಾಕಿ ತಿಕ್ಕಿದೆ." ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಹುಡಿಗಿ ಉಳದ್ರ ಸಾಕು ಅಂತ ಬೇಡ್ಕೊಂಡಿದ್ದೆ ನಮ್ಮವ್ವಾ. ಉಳಿಸ್ಯಾಳ. ಉಳಿಸಿ ತನ್ನ ಗುರುತು ಇಟ್ಟಾಳ. ನಾ ಹೆಂಗ ಬ್ಯಾಡ ಅನ್ಲಿ?"

ಆ ಮುದುಕಿಯ ಮೇಲೆ ನನಗಿದ್ದ ಸಿಟ್ಟು ಅಲ್ಲೇ ಇಳಿಯಿತು. ಆಕೆಯದು ಹಟವಲ್ಲ, ಬದುಕಿ ಬಂದ ಮೊಮ್ಮಗಳನ್ನು ಎಲ್ಲಿ ಕಳೆದುಕೊಳ್ಳುತ್ತೇನೋ ಎಂಬ ಭಯ. ನನಗೂ ದೇವರ ಮೇಲೆ ಭಕ್ತಿ ಇದೆ. ಆದರೆ ಆಕೆ ಹೇಳುತ್ತಿದ್ದಂತೆ ನನ್ನ ಕಣ್ಣಿಗೆ ಆಪಾಳ ತಂಬಿಗೆಯಲ್ಲಿ ತೇಲಿದ ಬಿಳಿ ಹಿಪ್ಪೆ ಕಾಣುತ್ತಿತ್ತು. ಜ್ವರದಲ್ಲಿ ಉದುರಿದ ಕೂದಲು ಬಾಚದೇ ಇದ್ದುದರಿಂದ ಹೊರಗೆ ಬೀಳದೆ ಒಳಗೇ ಉಳಿದಿತ್ತು. ಗಡಸು ನೀರು, ಸಾಬೂನು, ಗುಪ್ಪೆ ಹಾಕಿ ತಿಕ್ಕಿದ್ದು, ಮೂರೂ ಸೇರಿ ಅದನ್ನು ಅಂಟಿಸಿಬಿಟ್ಟಿದ್ದವು.

ಕಾಶಮ್ಮ ಶಾಂಪೂ ಹಾಕಿ ನೋಡ್ರಿ ಎಂದು ಅವಸರ ಮಾಡಿದಳು. ಶಾಂಪೂ ಹಾಕುವ ಹೊತ್ತು ಅದಲ್ಲ. ಇರುವ ನುಣುಪನ್ನೂ ಅದು ತೆಗೆದುಬಿಡುತ್ತದೆ, ನೀರಿಗೆ ಕೂದಲು ಉಬ್ಬಿ ಗಂಟು ಇನ್ನೂ ಬಿಗಿಯುತ್ತದೆ. ನಾನು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಗಂಟಿಗೆ ಕುಡಿಸಿದೆ. ಎಣ್ಣೆ ಇಳಿಯುವವರೆಗೆ ಎಲ್ಲರೂ ಚಹಾ ಕುಡಿದೆವು. ಆಮೇಲೆ ತುದಿಯಿಂದ ಶುರು ಮಾಡಿದೆ. ಬುಡದಿಂದ ಎಳೆದರೆ ಗಂಟು ಬಿಗಿಯುತ್ತದೆ. ಬೆರಳಿನಿಂದ ಒಂದೊಂದೇ ಎಳೆ, ಆಮೇಲೆ ಬಾಚಣಿಗೆಯ ಚೂಪು ಹಿಡಿಯಿಂದ ಒಂದೊಂದೇ ಕುಣಿಕೆ. ಬುಡವನ್ನು ಎಡಗೈಯಲ್ಲಿ ಗಟ್ಟಿ ಹಿಡಿದಿದ್ದೆ, ಹುಡುಗಿಗೆ ನೋಯಬಾರದೆಂದು. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಕೂದಲು ಬಿಚ್ಚಿ ಬೆನ್ನ ಮೇಲೆ ಬಿದ್ದಿತ್ತು. ಭಾಗ್ಯಾ ಅದನ್ನು ಮುಂದೆ ತಂದುಕೊಂಡು ಮುಟ್ಟಿ ಮುಟ್ಟಿ ನೋಡಿದಳು.

ನಡುವಿನ ಗಂಟು ಮಾತ್ರ ಜಗ್ಗಲಿಲ್ಲ. ಎಣ್ಣೆ ಹಾಕಿದೆ, ಕಂಡಿಷನರ್ ಮೆತ್ತಿದೆ, ಏನೂ ಆಗಲಿಲ್ಲ. ನನ್ನ ಭುಜ ಉರಿಯುತ್ತಿತ್ತು. ಭೀಮವ್ವ ಗೋಡೆಗೆ ಒರಗಿ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಭಾಗ್ಯಾ ಕನ್ನಡಿಯಲ್ಲಿ ಅದನ್ನು ನೋಡಿ ಪಿಸುಗುಟ್ಟಿದಳು.

"ಅಕ್ಕಾ, ಒಳಗ ಒಂದೀಟು ಕತ್ತರಿ ಹಾಕಿಬಿಡ್ರಿ. ಆಯಿ ಮಲಗ್ಯಾಳ, ಗೊತ್ತಾಗಂಗಿಲ್ಲ."

ಕತ್ತರಿ ಕೈಗೆ ಎಟುಕುವಷ್ಟು ಹತ್ತಿರದಲ್ಲೇ ಇತ್ತು. ಕಾಶಮ್ಮ ಒಮ್ಮೆ ಅತ್ತೆಯ ಕಡೆ, ಒಮ್ಮೆ ಕತ್ತರಿಯ ಕಡೆ ನೋಡಿದಳು. ಹಾಕಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಮುಂದೆ ಹಾಸ್ಟೆಲಿನಲ್ಲಿ ಹುಡುಗಿಗೆ ನೆಗಡಿ ಬಂದರೂ, ಕತ್ತರಿ ಹಾಕಿದ್ದಕ್ಕೇ ಬಂತೇನೋ ಎಂದು ಮೊದಲು ಅವಳಿಗೇ ಅನ್ನಿಸುತ್ತಿತ್ತು. "ಆಯಿಗೆ ಮಾತು ಕೊಟ್ಟೀನವ್ವಾ," ಎಂದೆ. "ಆಯಿ ಎಚ್ಚರಿದ್ದಾಗೇ ಬಿಚ್ಚತೀನಿ." ಹೇಳುವಾಗ ನನಗೇ ಧೈರ್ಯ ಇರಲಿಲ್ಲ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು, ನನಗೂ ಅಳು ಬಂದಂತಾಯಿತು.

ಆಗ ಆಪಾ ನೆನಪಾದಳು. ಪಹಿಲೆ ನೀರ್ ನೋಡು. ನಾನು ಬೆಳಗಿನಿಂದ ಕೂದಲನ್ನೇ ನೋಡುತ್ತ ಕುಳಿತಿದ್ದೆ. ಗಂಟನ್ನು ಹಿಡಿದಿದ್ದದ್ದು ಕೂದಲಲ್ಲ, ಸುಣ್ಣ. ಸುಣ್ಣದ ಹಿಪ್ಪೆ ಎಣ್ಣೆಗೆ ಕರಗುವುದಿಲ್ಲ, ಹುಳಿಗೆ ಸಡಿಲುತ್ತದೆ. ಆಪಾ ಶಹಾಬಾದಿನಲ್ಲಿ ಕೊನೆಯ ತಂಬಿಗೆ ನೀರಿಗೆ ಯಾವಾಗಲೂ ನಿಂಬೆಹುಳಿ ಹಿಂಡುತ್ತಿದ್ದಳು.

ನೆತ್ತಿಯಲ್ಲಿ ಎಲ್ಲೂ ಹಸಿ ಗಾಯ ಇಲ್ಲವೆಂದು ಬೆಳಕಿನಲ್ಲಿ ಮತ್ತೊಮ್ಮೆ ನೋಡಿದೆ. ಭೀಮವ್ವನನ್ನು ಎಬ್ಬಿಸಿದೆ. ಕುಡಿಯಲು ತರಿಸುವ ಕ್ಯಾನಿನ ಸುಣ್ಣವಿಲ್ಲದ ಮೆತ್ತನೆಯ ನೀರಿಗೆ ನಿಂಬೆಹಣ್ಣು ಹಿಂಡಿ, ಗಂಟನ್ನಷ್ಟೇ ಬಟ್ಟಲಿನಲ್ಲಿ ನೆನೆಯಲು ಬಿಟ್ಟೆ. ಸ್ವಲ್ಪ ಹೊತ್ತಿಗೆ ಒತ್ತಿ ನೋಡಿದರೆ ಬೆರಳ ಸಂದಿಯಿಂದ ಬೆಳ್ಳಗೆ ಹೊರಗೆ ಬಂತು. ಮತ್ತೆ ಒತ್ತಿದೆ, ಮತ್ತೆ ಬಂತು. ಬಟ್ಟಲಿನ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತು.

ಭೀಮವ್ವ ಬಗ್ಗಿ ನೋಡಿದಳು. ಬೆರಳು ಅದ್ದಿ ಮೂಗಿಗೆ ಹಿಡಿದಳು. "ಇದು ನನ್ನ ಸಬಕಾರದ ವಾಸನಿ," ಎಂದಳು. ಬೆರಳನ್ನು ಮತ್ತೊಮ್ಮೆ ಮೂಸಿ ನೋಡಿದಳು. "ಹಂಗಾರ ನಾನೇ ಮಾಡ್ದೆನೇನು?"

"ನೀವಲ್ಲ ಯವ್ವಾ, ನಮ್ಮ ನೀರು. ಈ ನೀರಿಗೆ ಸೇಡಂ, ಶಹಾಬಾದ್ ಎಲ್ಲಾ ಕಡಿ ಇದೇ ಹಣೇಬರ. ನೀವು ಹುಡಿಗಿ ಉಳೀಲಿ ಅಂತ ತಿಕ್ಕೀರಿ."

ಈಗ ಕಂಡಿಷನರ್ ಹಚ್ಚಿದರೆ ಅದು ಒಳಗೆ ಇಳಿಯಿತು. ಎಳೆಗಳು ಒಂದರ ಹಿಂದೆ ಒಂದು ಜಾರಿ ಬಿಟ್ಟುಕೊಂಡವು. ಸಂಜೆಯ ಬಿಸಿಲು ಕನ್ನಡಿಗೆ ಬೀಳುವ ಹೊತ್ತಿಗೆ ಅಗಲ ಹಲ್ಲಿನ ಬಾಚಣಿಗೆ ಭಾಗ್ಯಾಳ ನೆತ್ತಿಯಿಂದ ತುದಿಯವರೆಗೆ ಎಲ್ಲೂ ನಿಲ್ಲದೆ ಬಂತು. ಕಾಶಮ್ಮ ಗೋಡೆಗೆ ಮುಖ ಮಾಡಿ ಅತ್ತಳು. ಆಪಾ ಆಗ ಬದುಕಿರಲಿಲ್ಲ. ಇದ್ದಿದ್ದರೆ ಆ ಸಂಜೆಯೇ ರೈಲು ಹತ್ತಿ ಹೋಗಿ ಅವಳ ಕಾಲಿಗೆ ಬೀಳುತ್ತಿದ್ದೆ.

ನನ್ನ ಕೈಯಲ್ಲಿ ಒಂದು ಉಂಡೆ ಉಳಿದಿತ್ತು. ಜ್ವರದಲ್ಲಿ ಉದುರಿ ಒಳಗೇ ಸಿಕ್ಕಿಕೊಂಡಿದ್ದ ಕೂದಲು. ಕಸದ ಬುಟ್ಟಿಗೆ ಹಾಕಲು ಹೊರಟಾಗ ಭೀಮವ್ವ ಕೈ ಚಾಚಿದಳು. ಉಂಡೆಯನ್ನು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

"ಇಷ್ಟು ದೇವೀದು. ಊರಿಗೆ ಹೋಗಿ ಆಕೀಗೆ ಒಪ್ಪಿಸ್ತೀನಿ," ಎಂದಳು. ಆಮೇಲೆ ಮೊಮ್ಮಗಳ ಬೆನ್ನ ಮೇಲೆ ಹರಡಿದ್ದ ಕೂದಲನ್ನು ಎರಡೂ ಕೈಯಿಂದ ಎತ್ತಿ ಹಿಡಿದಳು. "ಉಳದದ್ದು ನಮ್ಮ ಹುಡಿಗೀದು."

ನಾನು ನೀರು ಕಾಯಿಸಲು ಒಳಗೆ ಹೊರಟೆ. ಭೀಮವ್ವ ಹಿಂದಿನಿಂದ ಕೂಗಿದಳು.

"ಈಗ ಹಾಕವ್ವಾ ನಿನ್ನ ಶಾಂಪೂ. ದವಾಖಾನಿಗೆ ಹೋಗಾಕಿ ಸ್ವಚ್ಛ ಇರಬೇಕು."